ಮಾಮಿಯ ಶುಕ್ರವಾರ

ಮಲ್ಲಿಗೆ, ಹಾಗಾದರೆ ಕಟಪಾಡಿ ಬಂತು, ಕಣ್ಣು ತೆರೆಯದಿದ್ದರೂ ಗೊತ್ತಾಗುತ್ತದೆ, ಶಂಕರಪುರದ ಹೆಂಗಸರು ಬುಟ್ಟಿ ಹಿಡಿದು ಹತ್ತುವುದು ಇಲ್ಲಿಯೇ, ಬುಟ್ಟಿ ಇಂಜಿನ್ ಮೇಲೆ ಇಡಿ ಅಕ್ಕ ಎನ್ನುತ್ತಾನೆ ಕಂಡಕ್ಟರು, ಅಲ್ಲಿ ಇಟ್ಟರೆ ಉಡುಪಿ ಮುಟ್ಟುವಾಗ ಹೂವು ಬೆಂದು ಸಾಂಬಾರಾಗ್ತದೆ ಮಾರಾಯ, ನಿನ್ನ ತಲೆ ಮೇಲೆ ಇಟ್ಟುಕೋ ಎನ್ನುತ್ತಾಳೆ ಅವಳು, ಹೆಂಗಸರ ಸೀಟುಗಳೆಲ್ಲ ನಗುತ್ತವೆ, ನನ್ನ ಬಾಯಿಯೂ ನಗಲು ಹೊರಟಿತು, ಅರ್ಧಕ್ಕೆ ನಿಂತಿತು — ಹಿಂದೆ ಗಂಡಸರ ಸೀಟಿನಲ್ಲಿ ಮಾಮ ಕೆಮ್ಮಿದರು, ಇವರ ತಂದೆ, ಈ ಕೆಮ್ಮು ಇವರು ಹೋದ ಮೇಲೆ ಸುರುವಾದದ್ದು, ಇವರು ಎಂದೇ ಬರುತ್ತದೆ ಮನಸ್ಸಿಗೆ, ಪಕ್ಕದಲ್ಲಿ ಕೂತಿರುವವರನ್ನು ಹೇಳುವ ಹಾಗೆ, ಸೌದಿಯ ದಮ್ಮಾಮಿನ ಮಣ್ಣಿನಲ್ಲಿ ಆರು ತಿಂಗಳಿಂದ ಮಲಗಿರುವವರನ್ನು ಏನೆಂದು ಹೇಳಬೇಕೆಂದು ಯಾರೂ ಕಲಿಸಿಕೊಟ್ಟಿಲ್ಲ. ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತೇನೆ, ಒಳಗೆ ಕೆನಡಾದ ಅರ್ಜಿ, ಆರು ಪುಟ, ಗೆಳತಿ ಇಮೆಲ್ಡಾ ಮಣಿಪಾಲದಲ್ಲಿ ಟೈಪು ಮಾಡಿಸಿ ತಂದುಕೊಟ್ಟದ್ದು, ಮೊದಲ ಪುಟದ ಮೂಲೆಯಲ್ಲಿ ಫೋಟೋ ಅಂಟಿಸುವ ಚೌಕ ಖಾಲಿ, ಇವತ್ತು ಮೇ ಇಪ್ಪತ್ತನಾಲ್ಕು, ಜೂನ್ ಹದಿನೈದರೊಳಗೆ ಅದು ಅಲ್ಲಿ ಮುಟ್ಟಬೇಕು, ಏರ್‌ಮೇಲ್‌ಗೆ ಮೂರು ವಾರ, ಇವತ್ತು ಹೋಗದಿದ್ದರೆ ಈ ವರ್ಷವೂ ಇಲ್ಲ, ಈ ವರ್ಷವೂ ಇಲ್ಲ ಅಂದರೆ ಇನ್ನು ಯಾವಾಗಲೂ ಇಲ್ಲ, ಆರು ತಿಂಗಳ ಒಳಗೆ ತೆಗೆದ ಫೋಟೋ ಎಂದು ಚೌಕದ ಒಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ನನ್ನದು ನವೆಂಬರ್ ಏಳರದ್ದು, ಆರು ತಿಂಗಳಿಗಿಂತ ಹದಿನೇಳು ದಿನ ಹಳತು, ಮನೆಯಲ್ಲಿ ಉಳಿದ ಎರಡು ಪ್ರತಿ ಉಂಟು, ನೋಡುವುದಿಲ್ಲ, ನೋಡದಿದ್ದರೂ ಗೊತ್ತು, ನೀಲಿ ಸೀರೆ, ಎಡ ಭುಜದ ಮೇಲೆ ಸೆರಗಿನಿಂದ ಹೊರಗೆ ಬಂದ ಮಲ್ಲಿಗೆಯ ತುದಿ, ಏಳೋ ಎಂಟೋ ಮೊಗ್ಗು.

ಅರ್ಜಿಯ ನಾಲ್ಕನೆಯ ಪುಟದಲ್ಲಿ ಏಕೆ ಈ ವಿಷಯ ಆರಿಸಿಕೊಂಡಿರಿ ಎಂದು ಕೇಳಿದ್ದಾರೆ, ಹತ್ತು ಸಾಲು ಮೀರದಂತೆ, ನಾನು ಆರು ಸಾಲು ಬರೆದೆ, ಕಾಪುವಿನ ದೀಪಸ್ತಂಭದ ಬಂಡೆಗಳ ಮೇಲೆ ಬೆಳೆಯುವ ಕಡಲಪಾಚಿಯನ್ನು ಎರಡು ವರ್ಷ ಸಂಗ್ರಹಿಸಿದ್ದೇನೆ, ಇಷ್ಟು ಜಾತಿ, ಇಷ್ಟು ಹಾಳೆ, ಇವರು ಬಕೆಟ್ಟು ಹೊತ್ತದ್ದನ್ನು ಬರೆಯಲಿಲ್ಲ, ರಜೆಯಲ್ಲಿ ಊರಿಗೆ ಬಂದ ಮದುಮಗ ಪ್ಯಾಂಟು ಮಡಚಿ ಬಂಡೆಯಿಂದ ಬಂಡೆಗೆ ಹಾರುತ್ತಾನೆ, ಬಲೆ ಒಣಗಿಸುತ್ತಿದ್ದ ದೇಜಪ್ಪಣ್ಣ ಎದ್ದು ನಿಂತು ನೋಡುತ್ತಾನೆ, ಎಂತ ಮೊಯ್ದೀನ್ ಬ್ಯಾರಿ, ಮೀನು ಬಿಟ್ಟು ಕಸ ಹೆಕ್ಕಲಿಕ್ಕೆ ಸುರು ಮಾಡಿದಿರಾ, ಇವರು ಅಲ್ಲಿಂದಲೇ, ಇದು ಕೆನಡಾಕ್ಕೆ ಹೋಗುವ ಕಸ ದೇಜಪ್ಪಣ್ಣ, ನಿಮ್ಮ ಬಂಗುಡೆ ಮಲ್ಪೆ ದಾಟುವುದಿಲ್ಲ. ಕೆನಡಾ ಎಂಬ ಶಬ್ದ ಮೊದಲು ಬಂದದ್ದು ಇವರ ಬಾಯಿಯಿಂದ, ನನ್ನ ಬಾಯಿಯಿಂದಲ್ಲ, ಬಂದರಿನ ಗೋದಾಮಿನಲ್ಲಿ ಸ್ಟೋರ್ ಕೀಪರ್, ಹಡಗಿನ ಕಾಗದಗಳಲ್ಲಿ ಊರುಗಳ ಹೆಸರು ಓದುವವರು, ಆ ಕಡೆಯ ಸಮುದ್ರದಲ್ಲಿ ನಿನ್ನ ಕಸವನ್ನು ಆಳೆತ್ತರ ಬೆಳೆಸುತ್ತಾರಂತೆ ಎಂದು ಬರೆದರು, ಮುಂದಿನ ಕಾಗದದೊಳಗೆ ವಿಶ್ವವಿದ್ಯಾನಿಲಯದ ವಿಳಾಸ, ಅದರ ಮುಂದಿನದರಲ್ಲಿ ಅರ್ಜಿಯ ನಮೂನೆಯೇ, ನಮ್ಮ ಮಧ್ಯೆ ಎಷ್ಟೋ ಸಮುದ್ರ ಉಂಟು ಸಫಿಯಾ, ಇನ್ನೊಂದು ಬಂದರೆ ಎಂತಾಗುತ್ತದೆ, ಎರಡು ವರ್ಷ ಅಲ್ವಾ. ಪಾಚಿಯನ್ನು ತಟ್ಟೆಯ ನೀರಿನಲ್ಲಿ ತೇಲಿಸಬೇಕು, ಕೆಳಗಿನಿಂದ ಕಾಗದ ತೂರಿಸಿ ಮೆಲ್ಲಗೆ ಎತ್ತಬೇಕು, ಎತ್ತುವಾಗ ಎಳೆಗಳು ತಾವೇ ಹರಡಿಕೊಳ್ಳುತ್ತವೆ, ಇವರು ಎತ್ತಿದ್ದೆಲ್ಲ ಮುದ್ದೆಯಾಗುತ್ತಿತ್ತು, ಒಂದನ್ನು ಇಟ್ಟುಕೊಂಡಿದ್ದೇನೆ, ಮೂಲೆಯಲ್ಲಿ ಸ್ಥಳ, ತಾರೀಕು, ತಾರೀಕು ತಪ್ಪಿದ ಹಾಳೆ ಎಷ್ಟು ಚಂದ ಇದ್ದರೂ ಹರಿದು ಹಾಕಿ ಎನ್ನುತ್ತಿದ್ದರು ಮೈಸೂರಿನಲ್ಲಿ ನಮ್ಮ ಪ್ರೊಫೆಸರರು, ಅದು ಸಸ್ಯವಲ್ಲ, ಸುಳ್ಳು, ನಾನು ಹರಿದಿದ್ದೇನೆ, ಒಮ್ಮೆ ಹನ್ನೊಂದು ಹಾಳೆ ಹರಿದಿದ್ದೇನೆ, ಅಳಲಿಲ್ಲ.

ಉದ್ಯಾವರದ ಸೇತುವೆ, ಗಾಳಿ, ನೀರಿನ ಮೇಲೆ ಒಂದು ದೋಣಿ ಅಲುಗದೆ ನಿಂತಿದೆ, ಅವತ್ತೂ ಹೀಗೇ ಬಂದದ್ದು, ನವೆಂಬರ್ ಏಳು, ಸೋಮವಾರ, ಅವತ್ತೂ ಮಾಮ ಹಿಂದೆ ನಾನು ಮುಂದೆ, ಅವತ್ತು ಕೆಮ್ಮು ಇರಲಿಲ್ಲ, ಅರ್ಜಿಗೆ ಫೋಟೋ ಬೇಕು ಎಂದದ್ದಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು, ಅಂಗಡಿ ಮುಚ್ಚಿ ಬಂದರು, ಶೇಕಬ್ಬ ಬ್ಯಾರಿಯ ಅಂಗಡಿ ಹಗಲು ಮುಚ್ಚಿದ್ದನ್ನು ಕಾಪು ಪೇಟೆ ನೋಡಿರಲಿಲ್ಲ, ಉಡುಪಿಯಲ್ಲಿ ಇಳಿದು ಕಡಿಯಾಳಿಯ ರಸ್ತೆಯಲ್ಲಿ ನಡೆದೆವು, ಸ್ಟುಡಿಯೋದ ಮೆಟ್ಟಿಲ ಹತ್ತಿರ ಹೂವಿನವಳು, ಅವರು ನಿಂತರು, ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡರು, ಮದುವೆಯಾಗಿ ಮೂರು ವರ್ಷದಲ್ಲಿ ಮಾಮಿಗೆ ಅವರು ಹೂವು ತಂದದ್ದನ್ನು ನಾನು ಕಂಡಿಲ್ಲ, ನನ್ನ ಕೈಗೆ ಇಟ್ಟರು, ಫೋಟೋಕ್ಕೆ ಹೂವು ಎಂತದಕ್ಕೆ ಮಾಮ ಎಂದೆ, ಇವತ್ತು ಇಟ್ಟುಕೋ ಮಗಳೆ ಎಂದರು, ಇವತ್ತು ಇಟ್ಟುಕೋ. ಮೇಲೆ ಸ್ಟುಡಿಯೋದ ಪಾಸ್ಕಲ್, ಸೆರಗು ಸ್ವಲ್ಪ ಹಿಂದೆ, ಕಿವಿ ಕಾಣಬೇಕು, ನಗಬಾರದು, ಇದು ಪಾಸ್‌ಪೋರ್ಟ್ ಸೈಜು, ಎಂದರು, ನಗಬಾರದು ಎಂದರೆ ನಗು ಬರುತ್ತದೆ, ಬಂತು. ರಾತ್ರಿಯಲ್ಲ, ಮರುದಿನವೂ ಅಲ್ಲ, ಬುಧವಾರ ಇವರಿಗೆ ಕಾಗದ ಬರೆದೆ, ನಿಮ್ಮ ಅಪ್ಪನಿಗೆ ಎಂತಾಗಿದೆ ಮಾರಾಯ್ರೆ, ನನಗೆ ಮಲ್ಲಿಗೆ ಕೊಡಿಸಿದರು, ನೀವು ಮೂರು ವರ್ಷದಲ್ಲಿ ಕೊಡಿಸಿದ್ದಕ್ಕಿಂತ ದೊಡ್ಡ ಚೆಂಡು. ಶನಿವಾರ, ಹನ್ನೆರಡನೇ ತಾರೀಕು, ಮಣಿಪಾಲದಲ್ಲಿ ಇಂಗ್ಲಿಷ್ ಪರೀಕ್ಷೆ, ಟೇಪ್ ರೆಕಾರ್ಡರಿನಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸು ಮಾತಾಡುತ್ತಾರೆ, ಅವನು ಕೊಡೆ ಮರೆತು ಬಂದಿದ್ದಾನೆ, ಅವಳು ಏನು ಸೂಚಿಸಿದಳು, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿ, ಮಾಮ ಹೊರಗೆ ಮರದ ಕೆಳಗೆ ಮೂರು ಗಂಟೆ ನಿಂತಿದ್ದರು, ಕೂರಲಿಲ್ಲವಂತೆ, ಇಮೆಲ್ಡಾ ಆಮೇಲೆ ಹೇಳಿದಳು, ನಾನು ಹೊರಗೆ ಬಂದಾಗ ಬರೆದಾಯ್ತಾ ಎಂದರು, ಆಯ್ತು ಮಾಮ, ಎಲ್ಲ ಬರೆದಾಯ್ತಾ, ಎಲ್ಲ ಆಯ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಮಾಮಿಯನ್ನೂ ನನ್ನನ್ನೂ ಕರೆದು ಕೂರಿಸಿದರು.

ಶುಕ್ರವಾರ ಹೋದ ಎಂದರು, ಮೊನ್ನೆ ಶುಕ್ರವಾರ, ಹಡಗಿನಿಂದ ಇಳಿಸುವಾಗ ಹಗ್ಗ ಜಾರಿ ಪೆಟ್ಟಿಗೆಗಳು ಬಿದ್ದವಂತೆ, ಅಲ್ಲಿಯೇ ದಫನ್ ಮಾಡಿದರಂತೆ, ಮಾಮಿಯ ಬಾಯಿಯಿಂದ ಬಂದ ಮೊದಲ ಮಾತು ಶುಕ್ರವಾರವಾ, ಶುಕ್ರವಾರ ಪಾತುಮ್ಮ ಎಂದರು ಮಾಮ, ಆಗ ಮಾಮಿ ಅತ್ತರು, ಅಷ್ಟರವರೆಗೆ ಅತ್ತಿರಲಿಲ್ಲ, ಬಂದ ಹೆಂಗಸರಿಗೆಲ್ಲ ಅದನ್ನೇ ಹೇಳಿದರು, ನನ್ನ ಮಗ ಶುಕ್ರವಾರ ಹೋದ, ಶುಕ್ರವಾರ ಹೋದವನಿಗೆ ಕಬರಿನಲ್ಲಿ ಕಷ್ಟ ಇಲ್ಲ, ಹೆಂಗಸರು ಹೌದು ಹೌದು ಪುಣ್ಯವಂತ ಎಂದರು, ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಅಕ್ಕಿಹಿಟ್ಟಿನ ಪತ್ತಿರ್ ತಟ್ಟುತ್ತಾರೆ, ಮದರಸದ ಮಕ್ಕಳಿಗೆ ಹಂಚುತ್ತಾರೆ, ಮಂಡಿ ನೋವಿನಲ್ಲೂ ಹಂಚುತ್ತಾರೆ, ಮಾಮ ಆ ಪತ್ತಿರ್ ಮುಟ್ಟುವುದಿಲ್ಲ, ಹಸಿವಿಲ್ಲ ಎನ್ನುತ್ತಾರೆ. ನನಗೆ ಬಿಳಿ ಬಟ್ಟೆ ಕೊಟ್ಟರು, ಬಳೆ ತೆಗೆದೆ, ಇದ್ದತ್, ಗಂಡ ತೀರಿದವಳು ಮನೆ ಬಿಟ್ಟು ಹೋಗದೆ ಕಳೆಯಬೇಕಾದ ನಾಲ್ಕು ತಿಂಗಳು ಹತ್ತು ದಿನ, ಚಂದ್ರನ ತಿಂಗಳು, ತೀರಿದ ದಿನದಿಂದ, ಶುಕ್ರವಾರದಿಂದ ಎಣಿಸಿದರು, ಮಾರ್ಚ್ ಹತ್ತೊಂಬತ್ತಕ್ಕೆ ಮುಗಿಯುತ್ತದೆ ಎಂದರು, ಸರಿ ಎಂದೆ, ನನಗೆ ಹೊರಗೆ ಎಲ್ಲಿಗೂ ಹೋಗುವುದು ಬೇಕಿರಲಿಲ್ಲ, ಕಿಟಕಿಯಿಂದ ಸಮುದ್ರದ ಶಬ್ದ ಕೇಳುತ್ತಿತ್ತು, ಅದೂ ಬೇಕಿರಲಿಲ್ಲ. ಫೆಬ್ರವರಿಯಲ್ಲಿ ಇಮೆಲ್ಡಾ ಕಲ್ಯಾಣಪುರದಿಂದ ಬಿಸಿಲಲ್ಲಿ ಓಡಿಕೊಂಡು ಬಂದಳು, ಮೈಸೂರಿನಲ್ಲಿ ನನ್ನ ಜೊತೆ ಓದಿದವಳು, ಕೆನಡಾಕ್ಕೆ ಅವಳ ಕಾಲೇಜಿನ ವಿಳಾಸ ಕೊಟ್ಟಿದ್ದೆ, ಕೈಯಲ್ಲಿ ನೀಲಿ ಲಕೋಟೆ, ಸೀಟು ಉಂಟು ಮಾರಾಯ್ತಿ, ಸ್ಕಾಲರ್‌ಶಿಪ್ಪಿನ ಸಂದರ್ಶನ ಒಂದು ಬಾಕಿ, ಮದ್ರಾಸಿನಲ್ಲಿ, ಮಾರ್ಚ್ ಹದಿನೈದಕ್ಕೆ, ನಾನೇ ಬರ್ತೇನೆ ನಿನ್ನೊಟ್ಟಿಗೆ, ಏನಾದರೂ ಮಾತಾಡು ಸಫಿಯಾ — ನಾನು ಬಾಗಿಲು ನೋಡಿದೆ, ಬಾಗಿಲಲ್ಲಿ ಮಾಮ, ಎಷ್ಟನೆಯ ತಾರೀಕು ಎಂದರು, ಹದಿನೈದು, ಎಷ್ಟು ದಿನ ಕಡಿಮೆ ಬೀಳುತ್ತದೆ ಎಂದರು, ನಾಲ್ಕು ದಿನ, ಅವರು ಬಾಯಿ ತೆರೆದರು, ನನಗೆ ಈಗಲೂ ಕಾಣುತ್ತದೆ, ತೆರೆದ ಬಾಯಿ, ಒಳಗಿನಿಂದ ಮಾಮಿ ಯಾರು ಬಂದದ್ದು, ಚಾ ಇಡಲಾ ಎಂದು ಕೇಳಿದರು, ಅವರು ಬಾಯಿ ಮುಚ್ಚಿದರು, ಚಪ್ಪಲಿ ಮೆಟ್ಟಿ ದೀಪಸ್ತಂಭದ ಕಡೆಗೆ ಹೊರಟುಹೋದರು. ಕಲ್ಲು ಮನುಷ್ಯ ಎಂದಳು ಇಮೆಲ್ಡಾ, ಹೌದು ಎಂದುಕೊಂಡೆ, ಕಲ್ಲು, ದಿನ ಮುಂದಕ್ಕೆ ಹಾಕಲು ಕೇಳಿ ಬರೆದೆವು, ಆಗುವುದಿಲ್ಲ, ಈ ಸಲದ್ದು ಬೇರೆಯವರಿಗೆ ಹೋಯಿತು, ಜನವರಿಯ ತರಗತಿಗೆ ಹೊಸದಾಗಿ ಅರ್ಜಿ ಹಾಕಬಹುದು, ಹೊಸ ಫೋಟೋ, ವಿವಾಹಿತರೋ ಅಲ್ಲವೋ ಎಂಬಲ್ಲಿ ಬದಲಾವಣೆ ಇದ್ದರೆ ದಾಖಲೆ ಸಹಿತ, ಎಂದು ಬಂತು. ಕಾರ್ಕಳದಿಂದ ನನ್ನ ಉಮ್ಮ ಬಂದು ಕೂತರು, ಐಸಮ್ಮನ ಮಗಳು ಓದಿದ್ದು ಸಾಕು ಎನ್ನುತ್ತಾರೆ ಜನ, ಮೂಡಬಿದ್ರೆಯ ಒಬ್ಬರು ಕೇಳಿದ್ದಾರೆ, ಎರಡು ಮಕ್ಕಳು ಉಂಟು, ಮನುಷ್ಯ ಒಳ್ಳೆಯವರು, ಉಪವಾಸದ ತಿಂಗಳು ಮುಗಿದ ಮೇಲೆ ಮಾತು ಕೊಡಬೇಕು, ನೀನು ಅಲ್ಲಿಗೆ ಬರೆದದ್ದು ಹೋಗುವುದಿದ್ದರೆ ಅಷ್ಟರಲ್ಲಿ ಹೋಗಲಿ ಮಗಳೆ, ಆಮೇಲೆ ನನ್ನನ್ನು ಹೇಳಬೇಡ. ಬರುವ ವಾರ ಉಪವಾಸ ಸುರು.

ದಾಖಲೆ ಬಂದದ್ದು ಕಳೆದ ಶುಕ್ರವಾರ, ಮಾಮ ಜುಮಾ ನಮಾಜಿಗೆ ಹೋಗಿದ್ದರು, ಮಾಮಿ ಒಳಗೆ ಪತ್ತಿರಿನ ಹಂಚು ತೊಳೆಯುತ್ತಿದ್ದರು, ಅಂಚೆಯ ಕೂಸಪ್ಪ ಗೇಟಿನಲ್ಲಿ, ಸೌದಿಯಿಂದ ರಿಜಿಸ್ಟ್ರಿ, ನಿಮ್ಮ ಹೆಸರಿಗೇ ಉಂಟು, ಇಲ್ಲಿ ರುಜು, ಒಳಗೆ ಮೂರು ಕಾಗದ. ಒಂದು ಅವರ ಸರಕಾರದ್ದು, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಅರಬ್ಬಿ, ಮರಣದ ದಿನ ನವೆಂಬರ್ ಮೂರು, ಮುಹರ್ರಂ ಇಪ್ಪತ್ತೆಂಟು, ಗುರುವಾರ, ಬೆಳಿಗ್ಗೆ ಹತ್ತು ನಲವತ್ತು, ಟೈಪಿನ ತಪ್ಪು ಎಂದುಕೊಂಡು ಅರಬ್ಬಿಯ ಅಂಕೆಗಳನ್ನು ಓದಿದೆ, ಅದೇ. ಎರಡನೆಯದು ಪುತ್ತುಬ್ಬನ ಅರ್ಧ ಪುಟ, ಇವರ ಕ್ಯಾಂಪಿನಲ್ಲೇ ಇದ್ದ ಕಾರ್ಕಳದವನು, ಕಾಗದ ಕೈಗೆ ಸಿಗಲು ಇಷ್ಟು ತಡವಾಯಿತು ಅಕ್ಕ, ಕ್ಷಮಿಸಬೇಕು, ಶನಿವಾರ ಐದನೇ ತಾರೀಕಿಗೇ ಪೇಟೆಯ ಅಕ್ಕಿ ಅಂಗಡಿಗೆ ಫೋನ್ ಮಾಡಿ ಶೇಕಬ್ಬಾಕನನ್ನು ಕರೆಸಿ ಹೇಳಿದ್ದೆ, ಲೈನು ಕಟ್ಟಾಯಿತೋ ಎಂದು ಎರಡು ಸಲ ಹಲೋ ಹೇಳಿದೆ. ಮೂರನೆಯದು ನನ್ನದೇ ಕಾಗದ, ಒಂಬತ್ತನೇ ತಾರೀಕಿನದ್ದು, ಒಡೆದಿಲ್ಲ, ನಿಮ್ಮ ಅಪ್ಪನಿಗೆ ಎಂತಾಗಿದೆ ಮಾರಾಯ್ರೆ. ಹಾಗಾದರೆ ಐದು, ಹಾಗಾದರೆ ಸೋಮವಾರ ಬಸ್ಸಿನಲ್ಲಿ ಹಿಂದೆ ಕೂತಿದ್ದವರಿಗೆ ಗೊತ್ತಿತ್ತು, ಹೂವಿನವಳ ಮುಂದೆ ನಿಂತವರಿಗೆ ಗೊತ್ತಿತ್ತು, ಮರದ ಕೆಳಗೆ ಮೂರು ಗಂಟೆ ಗೊತ್ತಿತ್ತು, ಎಂಟು ದಿನ ಮಗನನ್ನು ಬಾಯೊಳಗೆ ಇಟ್ಟುಕೊಂಡು ಅಂಗಡಿ ತೆರೆದರು, ಮುಚ್ಚಿದರು, ಮಾಮಿ ಬಡಿಸಿದ್ದನ್ನು ಉಂಡರು, ಸೊಸೆ ಪರೀಕ್ಷೆಯೊಂದು ಬರೆಯಲಿ ಎಂದು, ಆಮೇಲೆ ಮುಚ್ಚಿಟ್ಟದ್ದು ತಿಳಿಯಬಾರದೆಂದು ಹತ್ತಿರದ ಒಂದು ದಿನ ಹೇಳಿದರು, ಮಾಮಿಗೆ ಆಸರೆಯಾಗಲಿ ಎಂದು ಶುಕ್ರವಾರ ಎಂದರು — ಗುರುವಾರದಿಂದ ಎಣಿಸಿದ್ದರೆ ಇದ್ದತ್ ಮಾರ್ಚ್ ಹನ್ನೊಂದಕ್ಕೇ ಮುಗಿಯುತ್ತಿತ್ತು, ಹದಿಮೂರಕ್ಕೆ ಮಂಗಳೂರಿನ ರೈಲು, ಹದಿನೈದಕ್ಕೆ ಮದ್ರಾಸು, ಆ ಬಾಯಿ ತೆರೆದದ್ದು ಅದಕ್ಕೆ, ತೆರೆದ ಬಾಯಿಯಲ್ಲಿ ಇದ್ದದ್ದು ಆ ಗುರುವಾರ, ಅದನ್ನು ಹೊರಗೆ ಬಿಟ್ಟಿದ್ದರೆ ನನಗೆ ಮದ್ರಾಸು, ಮಾಮಿಗೆ ಶುಕ್ರವಾರ ಇಲ್ಲ. ನನ್ನ ಎಂಟು ದಿನ, ಆ ಎಂಟು ದಿನವೂ ಇದ್ದತ್ತೇ, ಗೊತ್ತಿಲ್ಲದಿದ್ದರೂ ಅದೇ ಎಂದು ಶಾಸ್ತ್ರ ಹೇಳುತ್ತದೆ, ಇದ್ದತ್ತಿನ ಐದನೆಯ ದಿನ ನಾನು ನೀಲಿ ಸೀರೆ ಉಟ್ಟು, ಎಡ ಭುಜದ ಮೇಲೆ ಏಳೋ ಎಂಟೋ ಮೊಗ್ಗು, ನಗಬಾರದು ಎಂದಾಗ ನಕ್ಕೆ. ಮಾಮಿ ಕೈ ಒರೆಸಿಕೊಂಡು ಬಂದರು, ಎಂತ ಮಗಳೆ ಅದು, ಕಂಪೆನಿಯ ಕಾಗದ ಮಾಮಿ, ಅವನದ್ದು ಏನಾದರೂ ಬರೆದಿದ್ದಾರಾ, ಇಂಗ್ಲಿಷಿನಲ್ಲಿ ಉಂಟು, ಹೆಸರು ಬರೆದಿದ್ದಾರೆ, ಹೆಸರು ತೋರಿಸು, ತೋರಿಸಿದೆ, ಅವರು ಓದಲು ಬಾರದ ಅಕ್ಷರಗಳ ಮೇಲೆ ಬೆರಳು ಇಟ್ಟರು, ಬೆರಳಿನಲ್ಲಿ ಅಕ್ಕಿಹಿಟ್ಟು ಇತ್ತು, ತಾರೀಕಿನ ಮೇಲೆ ಸ್ವಲ್ಪ ಬಿತ್ತು.

ಕಿನ್ನಿಮುಲ್ಕಿ, ಇಳಿಯುವವರು ಮುಂದೆ ಬನ್ನಿ, ಉಡುಪಿ, ಬುಟ್ಟಿ ಇಳಿಯಿತು, ಹೂವು ಬೇಯಲಿಲ್ಲ, ನಾನು ಇಳಿದೆ, ಹಿಂದೆ ಚಪ್ಪಲಿಯ ಸದ್ದು, ಕೂಸಪ್ಪ ಅವರಿಗೆ ಹೇಳಿಯೇ ಇರುತ್ತಾನೆ, ಸೌದಿಯಿಂದ ರಿಜಿಸ್ಟ್ರಿ ಬಂದದ್ದನ್ನು ಅವನು ಪೇಟೆಯಲ್ಲಿ ಹೇಳದೆ ಇರುವವನಲ್ಲ, ಆರು ದಿನದಿಂದ ಅವರು ಕೇಳಲಿಲ್ಲ, ಆರು ದಿನದಿಂದ ನಾನು ಹೇಳಲಿಲ್ಲ, ಹೇಳಬೇಕೆಂದು ಒಂದು ವಾಕ್ಯ ಕಟ್ಟಿದ್ದೇನೆ, ನಾಲ್ಕು ದಿನ ಮಾಮ, ನಾಲ್ಕು ದಿನಕ್ಕೆ ನನ್ನ ಬದುಕು ಹೋಯಿತು, ಅಂಗಡಿ ಮನೆ ಬಾವಿಕಟ್ಟೆ ಎಲ್ಲ ಕಡೆ ಮನಸ್ಸಿನಲ್ಲಿ ಹೇಳಿ ನೋಡಿದ್ದೇನೆ, ಎಲ್ಲ ಕಡೆಯೂ ಆ ವಾಕ್ಯದ ಕೊನೆಯಲ್ಲಿ ಮಾಮಿ ಹಂಚು ಕೆಳಗಿಟ್ಟು ಶುಕ್ರವಾರ ಅಲ್ಲವಾ ಎನ್ನುತ್ತಾರೆ. ಸ್ಟುಡಿಯೋದ ಮೆಟ್ಟಿಲು, ಹೂವಿನವಳು ಅಲ್ಲಿಯೇ, ಚೆಂಡು ಕೊಡ್ಲಾ ಸಾಹೇಬ್ರೆ, ಅವರ ಕೈ ಕಿಸೆಗೆ ಹೋಯಿತು, ಕಿಸೆಯಲ್ಲೇ ಉಳಿಯಿತು, ಅವರು ನನ್ನ ಮುಖ ನೋಡಲಿಲ್ಲ, ನನ್ನ ಚಪ್ಪಲಿ ನೋಡಿ ಮಾತಾಡಿದರು, ಕೂಸಪ್ಪ ಹೇಳಿದ ಮಗಳೆ, ಕಾಗದ ಬಂದಿದೆಯಂತೆ, ಬಂದಿದೆ, ಅದರಲ್ಲಿ ತಾರೀಕು ಉಂಟು ಅಲ್ವಾ, ಉಂಟು, ಒಂದು ಬಸ್ಸು ಹೋಯಿತು, ನೀನು ಅದೊಂದು ಪರೀಕ್ಷೆ ಬರೆಯಲಿ ಅಂತ, ಅಷ್ಟೇ ನಾನು ಯೋಚನೆ ಮಾಡಿದ್ದು, ಅವನ ಆಸೆ ಅದೊಂದೇ ಇತ್ತು, ಮತ್ತೆ ಹಿಂದೆ ಬರಲಿಕ್ಕೆ ನನಗೆ ದಾರಿ ಸಿಗಲಿಲ್ಲ. ಕಟ್ಟಿದ ವಾಕ್ಯ ಬಾಯಿಯವರೆಗೆ ಬಂತು, ನಾಲ್ಕು ದಿನ, ಅವರ ಕುತ್ತಿಗೆಯಲ್ಲಿ ಒಂದು ನರ ಹಾರುತ್ತಿತ್ತು, ಇವರಿಗೂ ಅಲ್ಲಿಯೇ, ಬಕೆಟ್ಟು ಎತ್ತುವಾಗ, ಹೊರಗೆ ಬಂದದ್ದು ಬೇರೆ, ಮಾಮಿಗೆ ಶುಕ್ರವಾರವೇ ಇರಲಿ, ಮಾಮ. ಅವರು ತಲೆ ಆಡಿಸಿದರು, ಎರಡು ಸಲ, ಪೋಸ್ಟಾಫೀಸು ಎಷ್ಟು ಗಂಟೆವರೆಗೆ ಉಂಟು ಎಂದು ಕೇಳಿದರು, ಐದರವರೆಗೆ, ಹಾಗಾದರೆ ನೀನು ಮೇಲೆ ಹೋಗು, ನಾನು ಇಲ್ಲಿ ನಿಲ್ಲುತ್ತೇನೆ. ತಾರೀಕು ತಪ್ಪಿದ ಹಾಳೆ ಹರಿದು ಹಾಕಬೇಕು, ಹರಿಯುವುದಿಲ್ಲ ಸರ್, ಅರ್ಜಿಯಲ್ಲಿ ನವೆಂಬರ್ ಮೂರು ಎಂದು ಬರೆದಿದ್ದೇನೆ, ಗುರುವಾರ ಕೆನಡಾಕ್ಕೆ ಹೋಗುತ್ತದೆ, ಶುಕ್ರವಾರ ಕಾಪುವಿನಲ್ಲಿ ಉಳಿಯುತ್ತದೆ.

ಪಾಸ್ಕಲ್ ಗುರುತು ಹಿಡಿದರು, ಹೊಸದು ಯಾಕೆ ಅಕ್ಕ, ಹಳೇ ನೆಗೆಟಿವ್ ಉಂಟು, ಅದರಲ್ಲೇ ಕಾಪಿ ಮಾಡಿಕೊಡ್ತೇನೆ, ಎಷ್ಟು ಚಂದ ಬಂದಿತ್ತು, ಆರು ತಿಂಗಳಾಯಿತು ಎಂದೆ, ಕೆನಡಾದವರು ಎಣಿಸಲಿಕ್ಕೆ ಇಲ್ಲಿಗೆ ಬರ್ತಾರಾ ಎಂದರು, ಎಣಿಸುತ್ತಾರೆ ಎಂದೆ, ಅವರು ನನ್ನ ಬಿಳಿ ಸೀರೆಯನ್ನು ಆಗ ನೋಡಿದರು, ಸ್ಟೂಲು, ದೀಪ, ಗಲ್ಲ ಸ್ವಲ್ಪ ಮೇಲೆ, ನಗಬಾರದು ಎಂದು ಹೇಳಲಿಲ್ಲ, ಆಯ್ತು, ಅರ್ಜೆಂಟಿಗೆ ಒಂದು ಗಂಟೆ ಬೇಕು, ಕೂತಿರಿ. ಕಪಾಟಿನಿಂದ ಒಂದು ಸಣ್ಣ ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟರು, ಇದನ್ನು ನೀವೇ ಇಟ್ಟುಕೊಳ್ಳಿ, ಮೇಲೆ ಸೀಸದ ಕಡ್ಡಿಯಲ್ಲಿ ಏಳು ಹನ್ನೊಂದು ಎಂಬತ್ತಮೂರು, ಕತ್ತಲೆ ಕೋಣೆಯ ಬಾಗಿಲು ಮುಚ್ಚಿತು, ಒಳಗೆ ನೀರಿನ ಸದ್ದು, ನನ್ನ ಹೊಸ ಮುಖ ಅಲ್ಲಿ ತಟ್ಟೆಯಲ್ಲಿ ತೇಲುತ್ತಿರಬೇಕು, ನಾನು ಲಕೋಟೆ ತೆರೆದು ಬೆರಳ ತುದಿಯಲ್ಲಿ ನೆಗೆಟಿವಿನ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ, ಸೀರೆ ಬಿಳಿ, ಅವತ್ತು ಉಟ್ಟದ್ದು ಕಡು ನೀಲಿ, ಇದರಲ್ಲಿ ಬಿಳಿ, ತಲೆಗೂದಲು ಬಿಳಿ, ಮುಖ ಕರಿ, ನಕ್ಕ ಹಲ್ಲು ಕಪ್ಪು, ಎಡ ಭುಜದ ಮೇಲೆ, ಇದರಲ್ಲಿ ಅದು ಬಲಕ್ಕೋ, ತಿರು‌ಗಿಸಿದೆ, ಎಡ, ಎಣಿಸಿದೆ, ಎಂಟು, ಕೆಳಗೆ ರಸ್ತೆಯಲ್ಲಿ ಮಾಮ ಕೆಮ್ಮುತ್ತಾರೆ, ಎಂಟು ಮೊಗ್ಗು, ಕಪ್ಪು, ಇವತ್ತು ಇಟ್ಟುಕೋ ಮಗಳೆ, ಕಪ್ಪು ಮಲ್ಲಿಗೆ, ಬಿಳಿ ಸೀರೆಯ ಮೇಲೆ, ಕಪ್ಪು ಮಲ್ಲಿಗೆ